ಅಪ್ಪನ ಪಾದಕ್ಕೆ ಒಂದು ಗೇಣು

ನನ್ನ ಕೈ ಅಪ್ಪನ ಪಾದಕ್ಕೆ ಮುಟ್ಟಿತೋ, ಒಂದು ಗೇಣು ಮೇಲೆಯೇ ನಿಂತಿತೋ ಎಂಬುದರ ಬಗ್ಗೆ ನನಗೂ ನನ್ನ ಹೆಂಡತಿಗೂ ಇಂದಿಗೂ ಒಮ್ಮತವಿಲ್ಲ. ಮುಟ್ಟಿತು ಎನ್ನುವವನು ನಾನು, ಇಲ್ಲ ಎನ್ನುವವಳು ಅವಳು. ಅವಳು ಆಗ ಬಾಗಿಲಲ್ಲೇ ನಿಂತಿದ್ದಳು. ಸುಳ್ಳು ಹೇಳಿ ಅವಳಿಗೆ ಆಗಬೇಕಾದದ್ದೇನೂ ಇಲ್ಲ. ನನಗೆ ಇದೆ. ಕೋರ್ಟಿನಲ್ಲಾದರೆ ಅವಳ ಸಾಕ್ಷಿಯೇ ನಿಲ್ಲುತ್ತದೆ.

ನನಗೆ ನಿಜವಾಗಿ ಗೊತ್ತಿರುವುದನ್ನೂ, ಗೊತ್ತಿದೆ ಎಂದು ನಾನು ಅಂದುಕೊಂಡಿರುವುದನ್ನೂ ಇಲ್ಲಿ ಬೇರೆ ಬೇರೆ ಇಡಲು ನೋಡುತ್ತೇನೆ. ಎರಡೂ ಬಹಳ ದಿನ ಒಂದೇ ಪೆಟ್ಟಿಗೆಯಲ್ಲಿದ್ದು ಒಂದರ ವಾಸನೆ ಇನ್ನೊಂದಕ್ಕೆ ಹತ್ತಿದೆ.

ನಮ್ಮ ಊರು ಮುಗದ. ಅಪ್ಪ ಭತ್ತ ಬೆಳೆಯುವವನು, ಅಣ್ಣನೂ ಅವನ ಜೊತೆ ಗದ್ದೆಗಿಳಿದವನು. ನಮ್ಮ ಮನೆಯಿಂದ ಧಾರವಾಡದ ಕಾಲೇಜಿಗೆ ಹೋದವನು ನಾನೊಬ್ಬನೇ. ಎರಡನೆಯ ವರ್ಷದ ಬೇಸಿಗೆ ಸೂಟಿಗೆ ಊರಿಗೆ ಬಂದಾಗ ಅಪ್ಪನ ಕಾಲು ಮುಟ್ಟಿ ನಮಸ್ಕರಿಸುವುದನ್ನು ಬಿಟ್ಟೆ. ಮನುಷ್ಯ ಮನುಷ್ಯನಿಗೆ ಯಾಕೆ ಬಾಗಬೇಕು ಎಂದು ಕೊಟ್ಟಿಗೆಯಲ್ಲಿ ನಿಂತು ಉಪನ್ಯಾಸವನ್ನೇ ಮಾಡಿದೆ. ಅಪ್ಪ ಎತ್ತಿನ ಕೊರಳ ಹಗ್ಗ ಸರಿಮಾಡುತ್ತ ಕೇಳಿಸಿಕೊಂಡ.

"ಬಗ್ಗಬ್ಯಾಡ ಬಿಡಪಾ. ಬಗ್ಗಿದ್ರ ನಿನ್ನ ಬಿ.ಎ. ಕಿಸೇದಿಂದ ಕೆಳಗ ಬಿದ್ದೀತು" ಎಂದ.

ಅಷ್ಟೇ. ಆಮೇಲೆ ಅವನು ಅದರ ಮಾತೆತ್ತಲಿಲ್ಲ. ನಾನು ಕೈ ಮುಗಿಯುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ.

ಬಿ.ಎ. ಆಗಿ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾದೆ. ಉಪ್ಪಿನ ಸತ್ಯಾಗ್ರಹದ ಗದ್ದಲ ತಣ್ಣಗಾದ ಮೇಲಿನ ವರ್ಷಗಳು ಅವು. ಮದುವೆಯಾಗಿತ್ತು. ಕಮರಿಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಸಾಮಾನು ಸಾಗಿಸುವ ದಿನ ಹಮಾಲ ಬರುವುದು ತಡವಾಯಿತು. ಕಾಯುವ ಸ್ವಭಾವ ನನ್ನದಲ್ಲ. ಪುಸ್ತಕದ ಟ್ರಂಕನ್ನು ನಾನೇ ಎತ್ತಿದೆ. ಸೊಂಟದಲ್ಲಿ ಏನೋ ಚಳಕ್ಕೆಂದಿತು. ಟ್ರಂಕು ಕೆಳಗೆ ಬಿತ್ತು, ಅದರ ಪಕ್ಕದಲ್ಲಿ ನಾನು ಬಿದ್ದೆ.

ಡಾಕ್ಟರರು ಮುಂಬಯಿಯಲ್ಲಿ ಕಲಿತವರು. ಮನೆಗೇ ಬಂದು ನೋಡಿದರು. ಓದಿದವರಿಬ್ಬರು ಕೂಡಿದರೆ ಆಗ ಇಂಗ್ಲಿಷಿನಲ್ಲೇ ಮಾತು, ನಾವೂ ಹಾಗೆಯೇ ಮಾತಾಡಿದೆವು. ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು. ಅವರು ಹೋದ ಮೇಲೆ ಅವಳಿಗೆ ಕನ್ನಡದಲ್ಲಿ ಹೇಳಿದವನು ನಾನೇ. "ಎಲುಬು ಜಾರ್ಯಾವಂತ. ಇನ್ನೊಮ್ಮೆ ಬಗ್ಗಿದ್ರ ಜನ್ಮಪೂರ್ತಿ ಹಾಸಿಗಿ." ಡಾಕ್ಟರರು ಹಾಗೆಯೇ ಹೇಳಿದರೆಂದು ವರ್ಷಗಟ್ಟಲೆ ನಂಬಿದ್ದೆ. ಅವರು ಕನ್ನಡಕ ಒರೆಸುತ್ತ ಅದನ್ನು ಹೇಳಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಆದರೆ ಈಚೆಗೆ ಒಂದು ಹಳೆಯ ತರ್ಕಶಾಸ್ತ್ರದ ಪುಸ್ತಕದೊಳಗೆ ಅವರ ಚೀಟಿ ಸಿಕ್ಕಿತು. ತಿಕ್ಕುವ ಎಣ್ಣೆಯ ಹೆಸರು, ಅದರ ಕೆಳಗೆ ಒಂದೇ ಸಾಲು: ಮೂರು ವಾರ ವಿಶ್ರಾಂತಿ, ಅನಂತರ ಎಂದಿನ ಕೆಲಸ. ಎಲುಬು ಜಾರಿದ ಸುದ್ದಿಯೇ ಅದರಲ್ಲಿಲ್ಲ. ಹಾಗಾದರೆ ಅದನ್ನು ಹೇಳಿದವರು ಯಾರು? ಡಾಕ್ಟರರೇ ಬಾಯಲ್ಲಿ ಒಂದು ಹೇಳಿ ಚೀಟಿಯಲ್ಲಿ ಇನ್ನೊಂದು ಬರೆದರೋ? ಅಥವಾ ಬಾಗಿಲ ಹಿಂದಿನವಳಿಗೆ ಹೇಳುವಾಗ ನಾನೇ ಹುಟ್ಟಿಸಿದೆನೆ? ಗೊತ್ತಿಲ್ಲ.

ಮೂರು ವಾರ ಹದಿನೈದು ತಿಂಗಳಾಯಿತು.

ನೋವು ಸುಳ್ಳಾಗಿರಲಿಲ್ಲ. ಇದನ್ನು ಬರೆದಿಡಬೇಕು, ಯಾಕೆಂದರೆ ಮುಂದೆ ಓದಿದವರಿಗೆ ಅನುಮಾನ ಬಂದೀತು. ಸೊಂಟದೊಳಗೆ ಕಾದ ಸರಳು ಇಟ್ಟಂತೆ ಇರುತ್ತಿತ್ತು. ಆದರೆ ಅದಕ್ಕೊಂದು ವಿಚಿತ್ರ ಗುಣವಿತ್ತು. ತರಗತಿಯಲ್ಲಿ ಸೀಮೆಸುಣ್ಣ ಕೈಜಾರಿದರೆ, ಅದು ನೆಲ ಮುಟ್ಟುವ ಮೊದಲೇ ನನಗೆ ನೋವು ಬರುತ್ತಿತ್ತು. ನಾನಿನ್ನೂ ಬಗ್ಗಿರುತ್ತಿರಲಿಲ್ಲ. ಬಗ್ಗಬೇಕಾದೀತು ಎಂಬ ಯೋಚನೆಗೇ ಸೊಂಟ ಗಟ್ಟಿಯಾಗುತ್ತಿತ್ತು.

ನಮ್ಮ ಕಡೆ ಬದುಕೆಲ್ಲ ನೆಲದ ಮೇಲೆ. ಉಣ್ಣುವುದು, ಮಲಗುವುದು, ಪೂಜೆ, ಹರಟೆ, ಎಲ್ಲಕ್ಕೂ ನೆಲವೇ. ನನ್ನೊಬ್ಬನಿಗಾಗಿ ಆ ಮನೆ ನೆಲ ಬಿಟ್ಟು ಮೇಲೆದ್ದಿತು. ಹೆಂಡತಿ ಗೋಡೆಗೆ ಮೊಳೆ ಹೊಡೆದು ನನ್ನ ಚಪ್ಪಲಿಯನ್ನೂ ಎದೆಮಟ್ಟಕ್ಕೆ ತೂಗುಹಾಕಿದಳು. ಸ್ನಾನದ ನೀರು ಕಟ್ಟೆಯ ಮೇಲೆ ಬಂತು. ನೆಲದ ಮೇಲೆ ಕೂರಲು ಹೆದರಿ, ದೀಪವಿಡುವ ಗೋಡೆಯ ಗೂಡು, ಆ ಮಾಡದಲ್ಲಿ ತಾಟು ಇಟ್ಟುಕೊಂಡು ನಾನು ನಿಂತೇ ಉಣ್ಣುತ್ತಿದ್ದೆ. ಮಾಡದ ದೀಪ ಅಡಿಗೆಮನೆಗೆ ಹೋಯಿತು. ಬಿದ್ದದ್ದನ್ನೆಲ್ಲ ನನಗಿಂತ ಮೊದಲೇ ಬಗ್ಗಿ ಎತ್ತುವುದು ಹೆಂಡತಿಗೆ ರೂಢಿಯಾಯಿತು. ಅವಳು ದಿನಕ್ಕೆ ಎಷ್ಟು ಸಲ ಬಗ್ಗುತ್ತಿದ್ದಳೋ! ಎಣಿಸುವ ಚಟವಿದ್ದ ನಾನು ಅದನ್ನು ಮಾತ್ರ ಎಣಿಸಲಿಲ್ಲ.

ಅಪ್ಪ ಎರಡು ತಿಂಗಳಿಗೊಮ್ಮೆ ರೈಲಿನಲ್ಲಿ ಬರುತ್ತಿದ್ದ. ನಾನು ಗೋಡೆಗೆ ಮುಖ ಮಾಡಿ ಉಣ್ಣುವುದನ್ನು ಮೊದಲ ಸಲ ನೋಡಿ, ತಾಟು ಇಡುವ ಅಡ್ಡಣಿಗೆಯ ಮುಂದೆ ನೆಲದಲ್ಲಿ ಕೂತವನು ಕೈಯಲ್ಲಿನ ತುತ್ತನ್ನು ಕೆಳಗಿಟ್ಟ.

"ಕುದರಿ ನಿಂತ ತಿಂದ್ರ ಚಂದ. ಮನಶ್ಯಾ ಹಿಂಗ ತಿಂತಾನೇನ?"

"ಹಂಗನಬ್ಯಾಡ್ರಿ ಮಾವಾರ, ಅವರಿಗೆ ಖರೇನ ನೋಯತೈತಿ" ಎಂದಳು ಹೆಂಡತಿ.

"ನೋಯತಿರಬೇಕವ್ವಾ, ಇಲ್ಲನ್ನಂಗಿಲ್ಲ ನಾ. ಆದ್ರ ಇವಗ ಬಗ್ಗಲಾರದ ಬ್ಯಾನಿ ಕಾಲೇಜಿನಾಗ ಹಿಡದದ್ದು. ಅದು ಲಗೂ ಬಿಡಂಗಿಲ್ಲ."

ನಗುತ್ತಲೇ ಹೇಳಿದ. ನನಗೆ ತಿವಿದದ್ದು ಅದೇ. ನನ್ನ ಹಳೆಯ ವಾದ ಯಾವುದು, ಹೊಸ ನೋವು ಯಾವುದು ಎಂದು ಅವನಿಗೆ ತಿಳಿಯುವಂತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ.

ಅದೇ ಭೇಟಿಯಲ್ಲೋ ಅದರ ಮುಂದಿನದರಲ್ಲೋ, ಹೊರಡುವ ಹೊತ್ತಿಗೆ ಅಪ್ಪ ಬಾಗಿಲಾಚೆ ಹೋಗಿ ನಿಂತ. ಮನೆಯ ಮುಂದೆ ಸೊಂಟದೆತ್ತರದ ಕಟ್ಟೆ ಇತ್ತು. ಅವನು ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಮೊಳಕಾಲಿಗೆ ಕೈಯೂರಿ ಆ ಕಟ್ಟೆ ಹತ್ತಿದ. ಅರವತ್ತು ದಾಟಿದ ಮನುಷ್ಯ. ನನ್ನ ಕೈ ಸುಮ್ಮನೆ ಇಳಿಬಿಟ್ಟರೂ ತಾಕುವಷ್ಟು ಹತ್ತಿರ ಅವನ ಪಾದಗಳು ಬಂದವು.

"ತಮ್ಮಾ, ನೀ ಬಗ್ಗಬ್ಯಾಡ. ನಾನ ಮ್ಯಾಲ ಬಂದೀನಿ. ಈಗ ಮುಟ್ಟು."

"ಅಪ್ಪಾ, ಇಳಿ ಕೆಳಗ. ಮಂದಿ ನೋಡಾಕತ್ತಾರ."

"ನೋಡ್ಲಿ. ಮಗಾ ಅಪ್ಪನ ಪಾದಾ ಮುಟ್ಟೂದ್ರಾಗ ಏನ್ ಕಳವು ಐತಿ?"

ಎದುರು ಮನೆಯ ಹೆಂಗಸರು ನಿಂತಿದ್ದರು. ನನ್ನ ಶಾಲೆಯ ಇಬ್ಬರು ಹುಡುಗರೂ ಇದ್ದರೆಂದು ನೆನಪು. ಇರಲಿಕ್ಕಿಲ್ಲ, ನಾಚಿಕೆ ಅವರನ್ನು ಆಮೇಲೆ ತಂದು ನಿಲ್ಲಿಸಿರಬಹುದು. ನಾನು ಕೈ ಮುಗಿದೆ. ಅಪ್ಪ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ. ಆಮೇಲೆ "ರೈಲಿಗಿ ಹೊತ್ತಾತು" ಎಂದು ಇಳಿಯತೊಡಗಿದ. ಇಳಿಯಲು ಹತ್ತುವುದಕ್ಕಿಂತ ಕಷ್ಟವಾಯಿತು. ಕೈ ಕೊಟ್ಟವಳು ಹೆಂಡತಿ.

ಅವನ ಪಾದವನ್ನು ಒಮ್ಮೆ ಬಗ್ಗಿ ಮುಟ್ಟಬೇಕು ಎಂದು ನಾನು ನಿಶ್ಚಯಿಸಿದ್ದು ಆ ದಿನ. ನಂಬಿಕೆಯಿಂದಲ್ಲ. ನನ್ನ ಕಣ್ಣೊಳಗೆ ಅವನಿನ್ನೂ ಆ ಕಟ್ಟೆಯ ಮೇಲೇ ನಿಂತಿದ್ದ, ಅಲ್ಲಿಂದ ಅವನನ್ನು ಇಳಿಸಲಿಕ್ಕೆ ಬೇರೆ ದಾರಿ ನನಗೆ ಕಾಣಲಿಲ್ಲ. ಆದರೆ ನಿಶ್ಚಯಿಸಿದ ಮಾತ್ರಕ್ಕೆ ಸೊಂಟ ಕೇಳುವುದಿಲ್ಲ. ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಕೈ ತೊಡೆಯಿಂದ ಕೆಳಗಿಳಿಯುವ ಮೊದಲೇ ಬೆವರು ಬಂತು.

ಆಷಾಢದಲ್ಲಿ ಅಪ್ಪ ಒಂದು ದೊಡ್ಡ ತಾಮ್ರದ ಬೋಗುಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ಸ್ಟೇಷನ್ನಿನಿಂದ ನಡೆದು ಬಂದ. ಶ್ರಾವಣದ ಕೊನೆಯ ಸೋಮವಾರ ಮುಗದದಲ್ಲಿ ಓಣಿಯವರಿಗೆಲ್ಲ ಊಟ ಹಾಕುವುದು ನಮ್ಮ ಮನೆಯ ರೂಢಿ. ಬೋಗುಣಿಯ ಒಳಗಿನ ತವರದ ಲೇಪ, ಕಲಾಯಿ, ಹೋಗಿತ್ತು. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಕುದಿಸಿದರೆ ಕಿಲುಬು. ಕಮರಿಪೇಟೆಯಲ್ಲಿ ಒಳ್ಳೆಯ ಕಲಾಯಿಗಾರನಿದ್ದಾನೆಂದು ಅವನಿಗೆ ಗೊತ್ತಿತ್ತು. ಬೋಗುಣಿ ಬಿಟ್ಟು, ಶ್ರಾವಣದಲ್ಲಿ ಬಂದು ಒಯ್ಯುತ್ತೇನೆಂದು ಹೇಳಿ ಹೋದ.

ಕಲಾಯಿಗಾರ ನಮ್ಮ ಹಿಂದಿನ ಓಣಿಯ ಸಾಬರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ನಮ್ಮ ಹಿತ್ತಲಿಗೇ ಬಂದು ಕುಳಿ ತೋಡಿ, ಇದ್ದಲು ಹಾಕಿ, ಚರ್ಮದ ತಿದಿ ಹೂಡಿದರು. ತವರ ಹಚ್ಚುವ ಮೊದಲು ಪಾತ್ರೆಯ ಒಳಗನ್ನು ತಿಕ್ಕಿ ಬೆಳಗಬೇಕು. ದೊಡ್ಡ ಪಾತ್ರೆಗೆ ಕೈ ಸಾಲದು. ಉಸುಕು, ಹುಣಸೆಹುಳಿ, ಚಿಂದಿ ಬಟ್ಟೆ ಹಾಕಿ, ಅದರೊಳಗೆ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದುಕೊಂಡು, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಪಾದದಿಂದ ತಿಕ್ಕುತ್ತಾರೆ. ಅದನ್ನು ನೋಡಿದರೇ ನನಗೆ ನೋಯುತ್ತಿತ್ತು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಸರಿಯಬೇಕೆಂದಿದ್ದೆ, ಅಷ್ಟರಲ್ಲಿ ಅವರು ಕರೆದರು. ಅವರ ಅಂಗಾಲಿಗೆ ಬಟ್ಟೆ ಸುತ್ತಿತ್ತು.

"ಮಾಸ್ತರ್ರ, ನಿನ್ನೆ ಕಾಲಿಗೆ ತಗಡು ಬಡದೈತಿ. ಹುಳಿ ಉಸುಕಿನ್ಯಾಗ ಇಟ್ರ ಜೀವಾ ಹೋಗತೈತಿ. ನೀವ ಇಳೀರಿ ಒಂದೀಟು."

ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು. "ಅವರಿಗೆ ಬಗ್ಗಾಕ ಬರಂಗಿಲ್ಲ ಕಾಕಾ. ನಡಾ ಹೋಗೇತಿ."

"ಬಗ್ಗೂದು ಎಲ್ಲೈತ್ರಿ ಅಕ್ಕಾರ? ನಿಂತ ತಿರಗೂದು."

"ತಿರಗೂದೂ ಆಗಂಗಿಲ್ಲ."

"ಅರೆ! ಹಂಗಾರ ಸಾಲ್ಯಾಗ ಬೋರ್ಡಿನ ಮ್ಯಾಲ ಬರದು ಹುಡುಗರ ಕಡೆ ಹೆಂಗ ನೋಡ್ತಾರ? ಬೆನ್ನಾಗ ಕಣ್ಣ ಅದಾವೇನು?"

ಹೆಂಡತಿ ನಕ್ಕುಬಿಟ್ಟಳು. ನಾನು ನಗಲಿಲ್ಲ. ಕಾಕಾ ಹೇಳಿದ್ದು ಸರಿಯಾಗಿತ್ತು. ಒಂದು ತಾಸಿನಲ್ಲಿ ಕನಿಷ್ಠ ಮೂವತ್ತು ಸಲ ನಾನು ಹಲಗೆಯಿಂದ ಹುಡುಗರ ಕಡೆಗೆ ಸೊಂಟ ತಿರುಗಿಸುತ್ತಿದ್ದೆ. ಅದನ್ನು ತಿರುಗುವುದು ಎಂದು ನಾನು ಕರೆದಿರಲಿಲ್ಲ, ಹಾಗಾಗಿ ಅದು ನೋಯಿಸುತ್ತಿರಲಿಲ್ಲ. ನಾಲ್ಕು ವರ್ಷ ತರ್ಕ ಓದಿದ ನನಗೆ ಹದಿನೈದು ತಿಂಗಳಲ್ಲಿ ಹೊಳೆಯದ ಪ್ರಶ್ನೆ ಅದು.

ಧೋತರ ಕಟ್ಟಿ, ಗೋಡೆ ಹಿಡಿದು, ಬೋಗುಣಿಯೊಳಗೆ ಒಂದು ಕಾಲಿಟ್ಟೆ. ಆಮೇಲೆ ಇನ್ನೊಂದು. ಹುಳಿನೀರು ತಣ್ಣಗಿತ್ತು, ಉಸುಕು ಬೆರಳ ಸಂದಿಗೆ ಹೊಕ್ಕಿತು. ಎಡಕ್ಕೆ ತಿರುಗಿದೆ. ಸರಳು ಕಾದಿತು. ನಿಂತುಬಿಟ್ಟೆ.

"ನಡಾ ಎಲ್ಲೈತಿ ಅಂತ ಹುಡಕಬ್ಯಾಡ್ರಿ" ಎಂದರು ಕಾಕಾ. "ಹುಡಕಿದ್ರ ಅದು ಸಿಗತೈತಿ. ತಳದಾಗ ಆ ಕರೇ ಕಲಿ ಐತೆಲ್ಲ, ಅದನ್ನ ನೋಡ್ರಿ. ಅದು ಹೋಗಬೇಕು. ಅಕ್ಕಾರ, ನೀವು ನಿಂತ ಏನ್ ಮಾಡ್ತೀರಿ, ತಿದಿ ಒತ್ತರಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಿದಿಯ ಮುಂದೆ ಕೂತಳು. ಕಣ್ಣು ಮಾತ್ರ ನನ್ನ ಮೇಲೆ. ನಾನು ಕಪ್ಪು ಕಲೆ ನೋಡುತ್ತ ತಿರುಗಿದೆ. ಅದು ಹಠಮಾರಿ ಕಲೆ. ಹಿಮ್ಮಡಿಯಿಂದ ಒತ್ತಿದರೆ ಸ್ವಲ್ಪ ಕೆಂಪಾಗುತ್ತಿತ್ತು, ಉಸುಕು ಮುಚ್ಚಿದರೆ ಮತ್ತೆ ಕಪ್ಪಾಗಿ ಕಾಣುತ್ತಿತ್ತು. ನನಗೆ ಸಿಟ್ಟು ಬಂತು. ಎಷ್ಟು ಹೊತ್ತು ತಿರುಗಿದೆನೋ ತಿಳಿಯದು. ಹೆಂಡತಿಯ ಪ್ರಕಾರ ಅಕ್ಕಿ ಬೇಯುವಷ್ಟು ಹೊತ್ತು. ಕಲೆ ಹೋದ ಮೇಲೆ ನೋವು ನೆನಪಾಯಿತು, ನೆನಪಾದ ಕೂಡಲೇ ಬಂತು. ಆದರೆ ಅಷ್ಟು ಹೊತ್ತು ಅದು ಎಲ್ಲಿತ್ತು?

ಮರುದಿನ ಬೆಳಿಗ್ಗೆ ತೊಡೆ, ಮೀನಖಂಡ ಎಲ್ಲ ನೋಯುತ್ತಿದ್ದವು. ಅದು ಕೆಲಸ ಮಾಡಿದವನ ನೋವು. ಹುಡುಗನಾಗಿದ್ದಾಗ ನಾಟಿಯ ಮರುದಿನ ಗದ್ದೆಯವರೆಲ್ಲ ಕುಂಟುತ್ತ ನಗುತ್ತಿದ್ದ ನೋವು. ಅದಕ್ಕೆ ನಾನು ಹೆದರಲಿಲ್ಲ. ನೋವಿಗೆ ಹೆದರದೆಯೂ ಇರಬಹುದು ಎಂಬುದು ಹೊಸ ಸುದ್ದಿಯಾಗಿತ್ತು. ಆ ಬೆಳಿಗ್ಗೆ ಚಹಾ ಕುಡಿಯುತ್ತ ನನಗೆ ಎಷ್ಟೋ ತಿಂಗಳ ಮೇಲೆ ಮುಂದಿನ ವಾರದ ಯೋಚನೆ ಬಂತು.

ಸಂಜೆ ಶಾಲೆ ಬಿಟ್ಟ ಮೇಲೆ ಕಾಕಾನ ಅಂಗಡಿಗೆ ಹೋಗತೊಡಗಿದೆ. ಅವರ ಕಾಲು ಮಾಯುವವರೆಗೆ ದೊಡ್ಡ ಪಾತ್ರೆಗಳೆಲ್ಲ ನನ್ನವು. "ಬಿ.ಎ. ಪಾಸಾದ ಕಾಲಿನಿಂದ ತಿಕ್ಕಿದ ಪಾತ್ರಿ, ನೋಡ್ಕೊಂಡ ಒಯ್ಯರಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಅವರಿಗೂ ಹರೆಯದಲ್ಲಿ ಒಮ್ಮೆ ಸೊಂಟ ಹಿಡಿದಿತ್ತಂತೆ. "ಮಲಗಿದ್ರ ಉಣಸವರ‍್ಯಾರು? ಸಣ್ಣ ಪಾತ್ರ್ಯಾಗ ನಿಂತೆ, ಆಮ್ಯಾಲ ದೊಡ್ಡದರಾಗ" ಎಂದರು. ಅಷ್ಟೇ ಅವರ ಶಾಸ್ತ್ರ. ಅಂಗಡಿಗೆ ಮೂರು ಮೆಟ್ಟಿಲು. ತಿಕ್ಕಿದ ತಂಬಿಗೆಗಳನ್ನು ಮೊದಲ ವಾರ ಮೇಲಿನ ಮೆಟ್ಟಿಲಲ್ಲಿ ಇಟ್ಟು, ಎತ್ತಿಕೊಡಲು ನನಗೆ ಹೇಳಿದರು. ಮುಂದಿನ ವಾರ ನಡುವಿನದರಲ್ಲಿ. ಕೊನೆಗೆ ನೆಲದಲ್ಲಿ. ಅವರು ಬೇಕೆಂದೇ ಹಾಗೆ ಮಾಡಿದರೋ, ಜಾಗವಿಲ್ಲದೆ ಕೆಳಗಿಟ್ಟರೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನಕ್ಕಿರುತ್ತಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖದ ಕಥೆ. ಆದರೆ ನನ್ನ ಬುದ್ಧಿ ಎಚ್ಚರವಾಯಿತು. ಗುಣವಾಗುತ್ತಿರುವುದು ನಿಜವೋ ಭ್ರಮೆಯೋ ಎಂದು ಪರೀಕ್ಷಿಸಲು ಒಂದು ಲೆಕ್ಕದ ವಹಿ ಮಾಡಿದೆ. ದಿನಕ್ಕೆ ಹತ್ತು ಸಲ ನೆಲ ಮುಟ್ಟಲು ಪ್ರಯತ್ನ. ಮುಟ್ಟಿದರೆ ಗೆರೆ, ಹೆದರಿ ನಿಂತರೆ ಸೊನ್ನೆ. ಶ್ರಾವಣದಲ್ಲಿ ಅಪ್ಪ ಬೋಗುಣಿ ಒಯ್ಯಲು ಬಂದಾಗ ಹತ್ತರಲ್ಲಿ ಎಂಟಕ್ಕೆ ಬಂದಿದ್ದೆ.

ಬೋಗುಣಿಯ ಒಳಗೆ ಬೆಳ್ಳಗೆ ಹೊಳೆಯುತ್ತಿದ್ದ ಕಲಾಯಿಯನ್ನು ನೋಡಿ ಅಪ್ಪ ತನ್ನ ಮೀಸೆ ಸರಿಮಾಡಿಕೊಂಡ. ತಿಕ್ಕಿದವರು ಯಾರೆಂದು ಹೆಂಡತಿ ಹೇಳಿದಳು. ಅವನು ನಂಬದೆ ನನ್ನನ್ನೂ ಬೋಗುಣಿಯನ್ನೂ ನೋಡಿದ.

"ಭಪ್ಪರೇ ಮಗನ! ನನ್ನ ಪಾದಾ ನೀ ಮುಟ್ಟಲಿಲ್ಲ, ನೀ ಪಾದಾ ಇಟ್ಟ ಬೋಗೋಣ್ಯಾಗ ಊರ ಮಂದಿಗೆಲ್ಲಾ ಉಣಸಬೇಕಾತಲ್ಲೋ ನಾ!"

ಮೂವರೂ ನಕ್ಕೆವು. ಆಮೇಲೆ ಅಪ್ಪ ಹೊಸ್ತಿಲಾಚೆ ಒಂದು ಕ್ಷಣ ನಿಂತ. ಕಾಯುತ್ತಿದ್ದನೆಂದು ನನಗೆ ಈಗ ಅನಿಸುತ್ತದೆ. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಿರಲೂಬಹುದು. ನಾನು ಬಗ್ಗಲಿಲ್ಲ. ಆಗುವುದಿಲ್ಲವೆಂದಲ್ಲ. ವಹಿಯಲ್ಲಿ ಇನ್ನೂ ಎರಡು ಸೊನ್ನೆ ಇದ್ದವು. ಅವನ ಮುಂದೆ ಅರ್ಧಕ್ಕೆ ನಿಂತರೆ? ಹತ್ತಕ್ಕೆ ಹತ್ತು ಆಗಲಿ ಎಂದುಕೊಂಡೆ. ಎಂಟು ಸಲ ಬಗ್ಗಬಲ್ಲವನು ಅಪ್ಪನಿಗೆ ಬಗ್ಗದೆ ಕೈ ಮುಗಿದು ಕಳಿಸಿದ. ನನ್ನ ಓದಿನಿಂದ ನನಗಾದ ನಷ್ಟಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಬೇರೊಂದಿಲ್ಲ.

ದಸರೆಗೆ ಅವನು ಒಂದು ಬುಟ್ಟಿ ಅವಲಕ್ಕಿ ತಂದ. ಆ ವಾರ ನನ್ನ ವಹಿಯಲ್ಲಿ ಮೂರು ದಿನ ಸತತ ಹತ್ತಕ್ಕೆ ಹತ್ತು. ಟಾಂಗಾದಿಂದ ಇಳಿದು, ಕಂಕುಳಲ್ಲಿ ಬುಟ್ಟಿ ಹಿಡಿದು, ಅವನು ಕಟ್ಟೆಯ ಬಳಿ ಬಂದು ನಿಂತ. ನಾನು ಬಗ್ಗಿದೆ.

"ಏ ತಮ್ಮಾ! ಬ್ಯಾಡೋ, ಬ್ಯಾಡ! ನಡಾ!"

ಅಪ್ಪ ಹಿಂದೆ ಸರಿದ. ಬಾಗಿಲಲ್ಲಿ ಹೆಂಡತಿ "ರೀ!" ಎಂದು ಚೀರಿದಳು. ಬುಟ್ಟಿ ಬಿತ್ತು. ಅವನ ಎರಡೂ ಕೈ ನನ್ನ ಭುಜ ಹಿಡಿದು ಮೇಲೆತ್ತಿದವು. ಹದಿನೆಂಟು ತಿಂಗಳು ನಾನು ಅವರಿಬ್ಬರಿಗೂ ಕಲಿಸಿದ ಭಯವದು. ಪಾಠ ಚೆನ್ನಾಗಿ ಹತ್ತಿತ್ತು. ನನ್ನಿಂದ ಅದು ಹೋದರೂ ಅವರಿಂದ ಹೋಗಿರಲಿಲ್ಲ.

"ಆರಾಮ ಆಗೇನಿ ಅಪ್ಪಾ. ಖರೇನ."

"ಆತು ಬಿಡಪಾ, ಬಗ್ಗಿದ್ದು ಕಂಡ್ನಿ. ಸಾಕು. ಮುಂದಿನ ಸಲಾ ನೋಡೂಣು, ಪೂರಾ ಛಲೋ ಆಗಲಿ."

ಚೆಲ್ಲಿದ ಅವಲಕ್ಕಿಯನ್ನು ಅವರಿಬ್ಬರೂ ಕೂತು ಬಳಿದರು. ನಾನು ಕೈ ಹಾಕಲು ಹೋದರೆ ಇಬ್ಬರೂ ಒಟ್ಟಿಗೇ ಬೈದರು. ಅಪ್ಪ ಅತ್ತನೆಂದು ಹೆಂಡತಿ ಹೇಳುತ್ತಾಳೆ. ನಾನು ನೋಡಲಿಲ್ಲ, ನನ್ನ ಕಣ್ಣು ನೆಲದಲ್ಲಿತ್ತು.

ಮುಂದಿನ ಸಲ ಬರಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಮೂರು ದಿನದ ಜ್ವರದಲ್ಲಿ ಅಪ್ಪ ಹೋದ. ಸುದ್ದಿ ತಿಳಿದು ನಾವು ಮುಗದ ಮುಟ್ಟಿದಾಗ, ನಮ್ಮ ಪದ್ಧತಿಯಂತೆ ಅವನನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿದ್ದರು. ನಾನು ಪೂರ್ತಿ ಬಗ್ಗಿ ಎರಡೂ ಕೈಯಿಂದ ಪಾದ ಹಿಡಿದೆ. ಹಿಂದೆ ಸರಿಯಲಿಲ್ಲ ಅವನು. ಸೊಂಟ ನೋಯಲಿಲ್ಲ. ನೋಯಬೇಕಿತ್ತು ಎನಿಸಿತು.

ದಸರೆಯ ದಿನ ನನ್ನ ಬೆರಳು ಅವನ ಪಾದ ಮುಟ್ಟಿತೆಂದು ನಾನು ಹೇಳುವುದಕ್ಕೆ ಒಂದು ಆಧಾರವಿದೆ. ಬೆರಳ ತುದಿಗೆ ಅವನ ಬಲಗಾಲಿನ ಹೆಬ್ಬೆರಳಿನ ಉಗುರು ತಾಕಿದ್ದು, ಅದು ನಡುವೆ ಸೀಳಿದ್ದು, ಸೀಳಿನ ಅಂಚು ಒರಟಾಗಿದ್ದು, ಎಲ್ಲ ನೆನಪಿದೆ. ಇಷ್ಟು ಸಣ್ಣ ಸಂಗತಿಯನ್ನು ಯಾರು ಕಲ್ಪಿಸಿಕೊಳ್ಳುತ್ತಾರೆ? ಹಾಗೆಂದು ನಾನು ಬಹಳ ವರ್ಷ ವಾದಿಸಿದೆ. ಒಮ್ಮೆ ಊರಿಗೆ ಹೋದಾಗ ಅಣ್ಣನನ್ನು ಆ ಉಗುರಿನ ಬಗ್ಗೆ ಕೇಳಿದೆ.

"ಎತ್ತು ತುಳದದ್ದು. ರಾಶಿ ಮಾಡೂ ಮುಂದ. ಅದಾಗಿ ಎಂಟ ದಿನಕ್ಕ ಜ್ವರಾ ಬಂತಲ್ಲ" ಎಂದ.

ಕಣದಲ್ಲಿ ಎತ್ತಿನಿಂದ ಭತ್ತ ತುಳಿಸುವ ರಾಶಿ ದಸರೆಯ ಮೇಲೆ ಎಷ್ಟೋ ವಾರಕ್ಕೆ. ಅಂದರೆ ನನ್ನ ಬೆರಳಿನಲ್ಲಿರುವುದು ಕೂರಿಸಿಟ್ಟ ಅಪ್ಪನ ಪಾದ. ಅದನ್ನು ತಂದು ದಸರೆಯ ದಿನಕ್ಕೆ ಜೋಡಿಸಿದವನು ನಾನು. ಅಣ್ಣನ ನೆನಪೂ ತಪ್ಪಿರಬಹುದು. ಇರಬಹುದು ಎಂದು ದಿನವೂ ಅಂದುಕೊಳ್ಳುತ್ತೇನೆ.

ಈಗ ಬಿದ್ದದ್ದನ್ನು ನಾನೇ ಎತ್ತುತ್ತೇನೆ. ನೆಲದ ಮೇಲೆ ಕೂತೇ ಉಣ್ಣುತ್ತೇನೆ, ಮಾಡಕ್ಕೆ ದೀಪ ಮರಳಿ ಬಂದಿದೆ. ಚಳಿಗಾಲದಲ್ಲಿ ಸೊಂಟ ಒಮ್ಮೊಮ್ಮೆ ಮಾತಾಡುತ್ತದೆ, ನಾನು ಉತ್ತರ ಕೊಡುವುದಿಲ್ಲ. ಆದರೆ ಹೆಂಡತಿ ಈಗಲೂ ನನಗಿಂತ ಮೊದಲೇ ಬಗ್ಗುತ್ತಾಳೆ, ಎದ್ದೇಳುವಾಗ ಸೊಂಟಕ್ಕೆ ಕೈಯಿಡುತ್ತಾಳೆ. ಬೇಡವೆಂದರೂ ಕೇಳುವುದಿಲ್ಲ. ಇದನ್ನು ಬರೆಯುತ್ತಿರುವಾಗ ಪೆನ್ಸಿಲ್ ಉರುಳಿ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದೆವು. ಸಿಕ್ಕಿದ್ದು ಅವಳಿಗೆ. ಆ ಗಳಿಗೆಯಲ್ಲಿ ಮತ್ತೊಮ್ಮೆ ಕೇಳಿದೆ.

"ಅವತ್ತ ಖರೇನ ಮುಟ್ಟಲಿಲ್ಲೇನು ನಾ?"

"ಮುಟ್ಟಿದ್ರಿ ಅಂತನ ಇಟ್ಕೊರ‍್ರಿ."

"ಹಂಗಲ್ಲ. ನೀ ನೋಡಿದ್ದು ಹೇಳು."

ಅವಳು ಪೆನ್ಸಿಲನ್ನು ನನ್ನ ಕೈಗಿಟ್ಟಳು. "ನಾ ನೋಡಿದ್ದು ಮಾವಾರ ಮಾರಿ. ನೀವು ಬಗ್ಗಿದಾಗ ಅದು ಹೆಂಗಾಗಿತ್ತು ಅಂತ ಒಂದ ದಿನಾನೂ ನೀವು ಕೇಳಲಿಲ್ಲ. ಬರೇ ಗೇಣ ಅಳ್ಯಾಕತ್ತೀರಿ."

ಕೇಳಬೇಕು. ಇಷ್ಟು ಬರೆದ ಮೇಲೂ ಅಪ್ಪನ ಮುಖ ಹೇಗಿತ್ತೆಂದು ಇನ್ನೂ ಕೇಳಿಲ್ಲ.